ಏಣಿಗೆ ಕಟ್ಟಿದ ಬುತ್ತಿ

ಹೈಸ್ಕೂಲಿನ ದಿನಾ ಅಂದ್ರ ಬಂಗಾರದಂಥಾ ದಿನಾ ಅಂತ ಯಾರರ ಮಾತು ತಗದ್ರ ನನಗ ಮೈ ಉರೀತೈತಿ. ಅವರು ಹೇಳೂದು ಖರೆ ಇರಬೇಕು, ಅವರಿಗೆ. ಪೇರಲ ಹಣ್ಣು ಕದ್ದದ್ದು, ಮಾಸ್ತರ ಸೈಕಲ್ಲಿನ ಗಾಳಿ ಬಿಟ್ಟದ್ದು, ಹುಡುಗ್ಯಾರ ಖೋಲಿ ಮುಂದ ಸುಮ್ಮ ಸುಮ್ಮನ ಸುಳದಾಡಿದ್ದು, ಎಲ್ಲಾ ಹೇಳಿಕೋತ ಕಣ್ಣಾಗ ನೀರು ತಗೀತಾರ. ನಾನೂ ಅದ ಸಾಲ್ಯಾಗ, ಅದ ಮಾಸ್ತರ ಕೈಯಾಗ, ಅದ ಹಿರೇಕೆರೂರಾಗ ಎಂಟನೇ ಇಯತ್ತೆಯಿಂದ ಹತ್ತನೇ ಇಯತ್ತೆ ತನಕ ಕಲತಾಂವ. ನನಗ ಮೊದಲ ನೆನಪಾಗೂದು ಬಸ್ಸಿನ ಹಿಂದಿನ ಏಣಿ.

ಆಗಿನ ಪದ್ಧತಿ ಗೊತ್ತಿಲ್ಲದವರಿಗೆ ಜರಾ ಬಿಡಿಸಿ ಹೇಳ್ತೇನಿ. ಎಪ್ಪತ್ತರ ದಶಕ ಮುಗಿಯಾಕ ಬಂದಿತ್ತು. ನಮ್ಮಂಥಾ ಹಳ್ಳ್ಯಾಗ ಏಳನೇ ಇಯತ್ತೆಗೆ ಸಾಲಿ ಮುಗೀತಿತ್ತು. ಮುಂದ ಕಲೀಬೇಕಂದ್ರ ಹಿರೇಕೆರೂರಿಗೋ, ಹಾನಗಲ್ಲಿಗೋ, ಶಿಗ್ಗಾವಿಗೋ ಹೋಗಿ, ಅಲ್ಲೆ ನಾಕೈದು ಹುಡುಗೂರು ಕೂಡಿ ಒಂದು ಖೋಲಿ ಹಿಡದು ಇರಬೇಕು. ಖೋಲ್ಯಾಗ ಅಡಗಿ ಮಾಡಿಕೊಳ್ಳೂ ಹುಡುಗೂರು ಕಡಿಮಿ. ಊಟ ದಿನಾ ಮುಂಜಾನೆ ಊರಿಂದ ಬಸ್ಸಿನ್ಯಾಗ ಬರತಿತ್ತು. ತಾಯಂದ್ರು ನಸುಕಿನ್ಯಾಗ ಎದ್ದು ರೊಟ್ಟಿ ಬಡದು, ಪಲ್ಯ ಮಾಡಿ, ಹಳೇ ಸೀರಿ ತುಂಡಿನ್ಯಾಗ ಬುತ್ತಿ ಕಟ್ಟಿ, ಬಸ್ಸು ಬಂದು ನಿಂತಕೂಡ್ಲೆ ಡ್ರೈವರನ ಬಾಜೂಕಿನ ಬಾನೆಟ್ ಮ್ಯಾಲೆ ಇಡತಿದ್ರು. ಯಾರೂ ಹೆಸರು ಬರೀತಿದ್ದಿಲ್ಲ. ಸೀರಿ ತುಂಡಿನ ಬಣ್ಣ ನೋಡಿದ್ರ ಸಾಕು, ಇದು ಯಾರ ಮನೀದು ಅಂತ ತಿಳೀತಿತ್ತು. ಹಿರೇಕೆರೂರ ಸ್ಟ್ಯಾಂಡಿನ್ಯಾಗ ಹುಡುಗೂರು ಕಾಯಿಕೋತ ನಿಂತಿರತಿದ್ರು. ಎಂಜಿನ್ನಿನ ಕಾವಿಗೆ ಬುತ್ತಿ ಬೆಚ್ಚಗ ಇರತಿದ್ವು. ಹಬ್ಬದ ಮರುದಿನಾ ಬಸ್ಸಿನ ಮುಂದಿನ ಬಾಗಲಾ ತಗದ್ರ ಸಾಕು, ಬೆಲ್ಲ ಯಾಲಕ್ಕಿ ವಾಸನಿ ಸ್ಟ್ಯಾಂಡ ತುಂಬ ಹಬ್ಬತಿತ್ತು.

ನನ್ನ ಬುತ್ತಿ ಬಾನೆಟ್ ಮ್ಯಾಲೆ ಬರತಿದ್ದಿಲ್ಲ. ನಾವು ಊರ ಹೊರಗಿನ ಕೇರಿಯವರು. ಮೊದಲನೇ ದಿನಾ ನಮ್ಮವ್ವ ಎಲ್ಲಾರಂಗ ಮುಂದಿನ ಬಾಗಲದ ಹತ್ರ ಹೋಗಿ ಕೈ ಚಾಚಿದಳಂತ. ಕಂಡಕ್ಟರ್ ಸಿಟ್ಟಲೇನೂ ಅನ್ನಲಿಲ್ಲಂತ, ನಕ್ಕೋತನ ಅಂದನಂತ:

"ನೀ ಹಿಂದ ಕಟ್ಟಬೇ, ಹಿಂದ. ಇಲ್ಲೆ ಮಂದಿ ಉಣ್ಣೂ ಸಾಮಾನ ಐತಿ."

ನಮ್ಮವ್ವ ಕಟ್ಟಿದ್ದೇನು ದನಾ ತಿನ್ನೂ ಸಾಮಾನನ? ಆದ್ರ ಆಕಿ ಎದುರಾಡಲಿಲ್ಲ. ಟಪ್ಪಿನ ಮ್ಯಾಲೆ ಸಾಮಾನು ಏರಿಸಾಕ ಬಸ್ಸಿನ ಹಿಂದ ಒಂದು ಕಬ್ಬಿಣದ ಏಣಿ ಇರತಿತ್ತಲ್ಲ, ಅದಕ್ಕ ಬುತ್ತಿ ಕಟ್ಟಿದಳು. ಅವತ್ತಿನಿಂದ ಅದ ನನ್ನ ಬುತ್ತಿ ಜಾಗಾ ಆತು. ಮಾಸೂರ ಕಡೆಯಿಂದ ಬರೂ ಆ ರಸ್ತೆ ಆಗ ಬರೇ ಖಡಿ ಮಣ್ಣು. ಬಸ್ಸು ಎಬ್ಬಿಸಿದ ಧೂಳೆಲ್ಲಾ ಹಿಂದ ಬಂದು ನನ್ನ ರೊಟ್ಟಿ ಮ್ಯಾಲೆ ಕುಂಡರತಿತ್ತು. ಮಳಿಗಾಲದಾಗ ಕೆಸರು. ಅವ್ವ ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ ತೊಳದು ಅದರಾಗ ಸುತ್ತಿ, ಮ್ಯಾಲೆ ತನ್ನ ಹಳೇ ನೀಲಿ ಸೀರಿ ತುಂಡು ಕಟ್ಟತಿದ್ದಳು. ಏನ ಕಟ್ಟಿದ್ರೂ ರೊಟ್ಟಿ ಕಡದ್ರ ಹಲ್ಲಾಗ ಕರಕರ ಅಂತಿತ್ತು.

ಆ ಬುತ್ತಿ ಮ್ಯಾಲೆ ನನ್ನ ಸಾಲಿ ನಿಂತಿತ್ತು, ಇದನ್ನೊಂದು ತಿಳಕೊಂಡ್ರ ಮುಂದಿಂದೆಲ್ಲಾ ತಿಳೀತೈತಿ. ಹಾಸ್ಟೆಲ್ಲಿನ್ಯಾಗ ನನಗ ಸೀಟು ಸಿಗಲಿಲ್ಲ. ನಮ್ಮ ಮಂದಿಗೆ ಪ್ಯಾಟ್ಯಾಗ ಖೋಲಿ ಯಾರು ಕೊಡತಿದ್ರು? ದೂರದ ಸಂಬಂಧದ ದೊಡ್ಡವ್ವ ಒಬ್ಬಾಕಿ ಹಿರೇಕೆರೂರ ಕೇರ್ಯಾಗ ಇದ್ದಳು. "ಮಲಗಾಕ ಜಾಗಾ ಐತಿ ತಮ್ಮಾ, ಉಣ್ಣಾಕ ಹಾಕಂದ್ರ ನಂದ ನಂಗಿಲ್ಲ" ಅಂತ ಕಡ್ಡಿ ಮುರದಂಗ ಹೇಳಿ, ತನ್ನ ಪಡಸಾಲಿ ಮೂಲ್ಯಾಗ ಹಾಸಿಕೊಳ್ಳಾಕ ಕೊಟ್ಟಳು. ಹಿಂಗಾಗಿ ಊರಿಂದ ಬುತ್ತಿ ಬಂದ್ರ ಸಾಲಿ, ಬರಲಿಲ್ಲಂದ್ರ ಊರಿಗೆ ಹೋಗಿ ಗೌಡ್ರ ಎತ್ತಿನ ಹಿಂದ ನಡಿ ಅಂತಿತ್ತು ನನ್ನ ಬಾಳೇವು.

ಸಾಲಿ ಬಗ್ಗೆನೂ ಹೇಳಬೇಕು. ಹೆಂಚಿನ ಉದ್ದನ್ನ ಕಟ್ಟಡ, ಮುಂದ ಬೇವಿನ ಗಿಡ, ಅದರ ಟೊಂಗಿಗೆ ನೇತ ಹಾಕಿದ ರೈಲು ಕಂಬಿ ತುಂಡು, ಅದ ಗಂಟಿ. ಗಣಿತದ ಮಾಸ್ತರು ಚೊಲೋ ಕಲಸತಿದ್ರು, ಸುಳ್ಳು ಯಾಕ ಹೇಳ್ಲಿ. ನನಗ ಗಣಿತ ನೀರು ಕುಡದಂಗ ಬರತಿತ್ತು. ಅವರು ಬೋರ್ಡಿನ ಮ್ಯಾಲೆ ಲೆಕ್ಕ ಬರದು ತಿರಗೂದರಾಗ ನಾ ಉತ್ತರಾ ತಗದಿರತಿದ್ದೆ. "ಯಾರು ಹೇಳ್ತೀರಲೇ?" ಅಂತ ಇಡೀ ವರ್ಗ ನೋಡತಿದ್ರು. ಎತ್ತಿದ ಕೈ ನಂದೊಂದ ಇರತಿತ್ತು. "ನಿಂದ್ ಬಿಡು, ಬ್ಯಾರೆ ಯಾರು?" ಅಂತಿದ್ರು. ಇದನ್ನ ಹೊಗಳಿಕಿ ಅಂತ ತಿಳಕೊಂಡಿದ್ದೆ ನಾ, ಹುಚ್ಚ.

ಒಂಬತ್ತನೇ ಇಯತ್ತೆಯಾಗ ಬಂಕಾಪುರಕ್ಕ ಟ್ರಿಪ್ ಒಯ್ದಿದ್ರು. ಕೋಟಿ ನೋಡಿದ್ವಿ, ನವಿಲು ನೋಡಿದ್ವಿ. ಊಟಕ್ಕ ಕುಂಡ್ರೂ ಮುಂದ ಮಾಸ್ತರು ಯಾರಿಗೂ ಏನೂ ಹೇಳಲಿಲ್ಲ. ಹೇಳೂ ಜರೂರ ಇದ್ದಿಲ್ಲ. ನನಗ ನನ್ನ ಜಾಗಾ ಗೊತ್ತಿತ್ತು. ಕೋಟಿ ಗ್ವಾಡಿ ನೆಳ್ಳಿಗೆ ದೂರ ಹೋಗಿ ಕುಂತು ಉಂಡೆ. ನವಿಲು ಬಂದು ನನ್ನ ರೊಟ್ಟಿ ತುಣುಕು ಹೆಕ್ಕಿಕೊಂಡು ಹೋದ್ವು. ಅವಕ್ಕೇನೂ ತೊಂದ್ರಿ ಆದಂಗ ಕಾಣಲಿಲ್ಲ.

ಆ ವರ್ಷನ ಅಂವ ನನ್ನ ಹಂತ್ಯಾಕ ಬಂದದ್ದು. ಅಂವ ಅಂದ್ರ ನಮ್ಮ ಊರ ಗೌಡ್ರ ಮಗ. ನಮ್ಮೂರ ಕೆರಿ ಕೆಳಗಿನ ಗದ್ದಿ ಅರ್ಧಕ್ಕರ್ಧ ಅವರ ಮನಿತನದ್ದು. ನಮ್ಮ ಅವ್ವ ಅಪ್ಪ ಅವರ ಗದ್ದ್ಯಾಗ ಕೂಲಿ. ಪ್ಯಾಟ್ಯಾಗ ಅಂವ ಇನ್ನ ಮೂವರು ಹುಡುಗೂರ ಜೋಡಿ ಖೋಲ್ಯಾಗ ಇರತಿದ್ದ. ನನ್ನ ವರ್ಗದಾಂವನ, ಆದ್ರ ಗಣಿತ ಅಂದ್ರ ಬೆವರತಿದ್ದ. ಒಂದಿನಾ ಮಧ್ಯಾಹ್ನ ಸಾಲಿ ಹಿಂದಿನ ಹಾಳು ಬಾವಿ ಕಟ್ಟಿಗೆ ನಾ ಒಬ್ಬನ ಕುಂತು ಉಣ್ಣೂ ಮುಂದ ಪುಸ್ತಕಾ ಹಿಡಕೊಂಡು ಬಂದ.

"ಇದೊಂದು ಲೆಕ್ಕ ಹೇಳಿ ಕೊಡಲೇ. ನಾಳೆ ಮಾಸ್ತರ ಬೆನ್ನು ಸುಲೀತಾರ."

ಹೇಳಿ ಕೊಟ್ಟೆ. ಅವನ ಕಣ್ಣು ಪುಸ್ತಕದ ಮ್ಯಾಲೆ ಇದ್ದಿಲ್ಲ, ನನ್ನ ರೊಟ್ಟಿ ಮ್ಯಾಲೆ ಇತ್ತು. ನಮ್ಮವ್ವನ ಶೇಂಗಾ ಹಿಂಡಿ ವಾಸನಿ ಹಂಗಿತ್ತು ನೋಡ್ರಿ. ಬಳ್ಳೊಳ್ಳಿ, ಒಣ ಮೆಣಸಿನಕಾಯಿ, ಒಂದು ಚೂರು ಬೆಲ್ಲ ಹಾಕಿ, ಒಳ್ಳಾಗ ಕುಟ್ಟಿ ಕುಟ್ಟಿ ಎಣ್ಣಿ ಬಿಡೂಹಂಗ ಮಾಡತಿದ್ದಳು. ಅಂವ ಆ ಕಡೆ ಈ ಕಡೆ ನೋಡಿ, "ಜರಾ ಕೊಡಲೇ" ಅಂದ.

"ನೀ ತಿಂತೀ?" ಅಂದೆ. ನನಗ ನಂಬಿಕಿ ಬರಲಿಲ್ಲ.

"ಯಾರು ನೋಡ್ತಾರ ಇಲ್ಲೆ? ಕೊಡು."

ತಿಂದ. ಕೈ ಬಟ್ಟ ನೆಕ್ಕಿದ. "ನಮ್ಮವ್ವಗ ಇದು ಜನ್ಮದಾಗ ಬರಂಗಿಲ್ಲ ಬಿಡಲೇ" ಅಂದ. ಮರುದಿನಾ ಮತ್ತ ಬಂದ. ಆಮ್ಯಾಲೆ ದಿನಾ ಬರಾಕ ಹತ್ತಿದ. ಲೆಕ್ಕ ನೆಪ, ಹಿಂಡಿ ಖರೆ. ಬಾವಿ ಕಟ್ಟಿ ಹಿಂದ ನಾವು ದೋಸ್ತರು. ಬಾವಿ ದಾಟಿ ಸಾಲಿ ಅಂಗಳಕ್ಕ ಬಂದ್ವೀ ಅಂದ್ರ ಅಂವ ನನ್ನ ಗುರ್ತ ಇಲ್ಲದಂಗ ಹೋಗತಿದ್ದ. ಅದಕ್ಕ ನನಗೇನೂ ಬ್ಯಾಸರ ಇದ್ದಿಲ್ಲ ಆಗ. ಬಾವಿ ಕಟ್ಟಿ ಆದ್ರೂ ಐತೆಲ್ಲ ಅಂತ ಇದ್ದೆ.

ಸೂಟಿಗೆ ಊರಿಗೆ ಹೋದಾಗ ಅವ್ವಗ ಹೇಳಿದೆ. ಹೇಳಬಾರದಿತ್ತೋ ಏನೋ. ಆಕಿ ಮೊದಲು ಹೌಹಾರಿದಳು. "ಯವ್ವಾ, ಯಾರರ ನೋಡಿದ್ರ ನಮ್ಮ ಗತಿ ಏನೋ?" ಅಂದಳು. ಆಮ್ಯಾಲೆ ತನ್ನಷ್ಟಕ್ಕ ತಾನ ನಗಾಕ ಹತ್ತಿದಳು. ಆ ನಗಿ ಯಾಕ ಅಂತ ನನಗ ಗೊತ್ತು. ಗೌಡ್ರ ಗದ್ದ್ಯಾಗ ಮಧ್ಯಾಹ್ನ ಆಕಿಗೆ ನೀರು ಬೇಕಂದ್ರ ಬೊಗಸಿ ಒಡ್ಡಿ ಕುಂಡ್ರಬೇಕು, ಗೌಡಸಾನಿ ಮ್ಯಾಲಿಂದ ಹೊಯ್ಯತಿದ್ದಳು. ಒಂದು ಹನಿ ತನ್ನ ಸೀರಿಗೆ ಸಿಡದ್ರ ಬೈಗಳ. ಅಂಥಾ ಮನಿ ಮಗ ಅವ್ವ ಕೈಯಾರೆ ಕುಟ್ಟಿದ ಹಿಂಡಿ ಬಟ್ಟ ನೆಕ್ಕಿ ತಿಂತಾನಂತ! ಅವತ್ತಿನಿಂದ ಅವ್ವ ಬುತ್ತ್ಯಾಗ ಎರಡು ರೊಟ್ಟಿ ಹೆಚ್ಚಿಗಿ ಇಡಾಕ ಹತ್ತಿದಳು, ಹಿಂಡಿ ಬ್ಯಾರೆ ಎಲ್ಯಾಗ ಸುತ್ತಿ. ಅಪ್ಪಗೂ ಹೇಳಲಿಲ್ಲ. ಕಳೆ ತಗಿಯೂ ಮುಂದ ಗೌಡಸಾನಿ ಬಂದು ಬದುವಿನ ಮ್ಯಾಲೆ ನಿಂತು ಒದರಿದ್ರ, ಅವ್ವ ತಲಿ ತಗ್ಗಿಸಿ ಒಳಗೊಳಗ ನಗತಿದ್ದಳಂತ. ಇಡೀ ಬಾಳೇದಾಗ ಆಕಿ ಗೆದ್ದದ್ದು ಅದೊಂದ.

ಹತ್ತನೇ ಇಯತ್ತೆ. ಚಳಿಗಾಲ, ಜ್ವಾಳ ತೆನಿ ಬಿಟ್ಟಿತ್ತು. ಒಂದಿನಾ ನಮ್ಮ ಬಸ್ಸಿನ ಖಾಯಂ ಡ್ರೈವರ್ ಕಂಡಕ್ಟರ್ ಇಬ್ಬರೂ ರಜಾ ಹಾಕಿದ್ರು. ಬದಲೀ ಬಂದ ಡ್ರೈವರ್ ಸವಣೂರ ಕಡೆಯಾಂವ, ವಯಸ್ಸಾದ ಸಾಬಣ್ಣ. ಅವ್ವ ರೂಢಿ ಪ್ರಕಾರ ಹಿಂದ ಏಣಿಗೆ ಬುತ್ತಿ ಕಟ್ಟಾಕತ್ತಿದ್ದು ಕನ್ನಡ್ಯಾಗ ಕಂಡು ಕೆಳಗ ಇಳದು ಬಂದನಂತ.

"ಅರೆ, ಉಣ್ಣೂದು ಯಾಕ ಧೂಳಾಗ ಕಟ್ಟತೀ ತಂಗೀ? ಇಲ್ಲಿ ಕೊಡು."

ಅವ್ವ "ಬ್ಯಾಡ್ರಿ ಅಣ್ಣಾರ, ಇಲ್ಲೆ ಇರಲಿ" ಅಂದ್ರೂ ಕೇಳಲಿಲ್ಲಂತ. ಬುತ್ತಿ ಕಸಗೊಂಡು ಮುಂದ ಒಯ್ದ. ಅವತ್ತ ಬಾನೆಟ್ ಮ್ಯಾಲೆ ಯಾರದೋ ವೀಳ್ಯದೆಲಿ ಪೆಂಡಿ ಇದ್ವು, ಜಾಗಾ ಇದ್ದಿಲ್ಲ. ಬುತ್ತಿ ಉರುಳ್ಯಾವು ಅಂತ ಎಲ್ಲಾ ಊರಿನ ಎಲ್ಲಾ ಬುತ್ತಿನೂ ಒಂದು ಗೋಣಿಚೀಲದಾಗ ಇಟ್ಟು, ಬಾಯಿ ಕಟ್ಟಿ, ತನ್ನ ಕಾಲ ಬಾಜೂಕ ಇಟ್ಟುಕೊಂಡ. ಪಾಪ, ಅಂವ ಭಾಳ ಚೊಲೋ ಕೆಲಸಾ ಮಾಡಿದೆ ಅಂತ ತಿಳಕೊಂಡಿದ್ದ. ಅವ್ವನೂ ಹಂಗ ತಿಳಕೊಂಡಳು. ಬಸ್ಸು ಕಾಣದಂಗ ಆಗೂ ತನಕ ನೋಡಿಕೋತ ನಿಂತಿದ್ದೆ ಅಂತ ಆಮ್ಯಾಲೆ ಹೇಳಿದಳು.

ಸ್ಟ್ಯಾಂಡಿನ್ಯಾಗ ನಾ ಎಂದಿನಂಗ ಏಣಿ ಹತ್ರ ಹೋಗಿ ನಿಂತೆ. ಏಣಿ ಖಾಲಿ. ಎಲ್ಲೆರ ಹರದು ಬಿದ್ದೈತಿ ಅಂತ ತಿಳಕೊಂಡೆ. ಅಷ್ಟರಾಗ ಡ್ರೈವರ್ ಗೋಣಿಚೀಲ ಕೆಳಗ ಇಳಿಸಿ, "ತಗೋರಿ ಬೇಟಾ, ಎಲ್ಲಾರದೂ ಇದರಾಗ ಐತಿ" ಅಂತ ಹೇಳಿ ಚಹಾ ಕುಡಿಯಾಕ ಹೋದ.

ಹುಡುಗೂರು ಚೀಲಕ್ಕ ಮುಗಿಬಿದ್ರು. ಮೊದಲು ಕೈ ಹಾಕಿದಾಂವ ನನ್ನ ದೋಸ್ತ. ಒಂದು ಕೆಂಪು ಗಂಟು ತಗದ, ಒಂದು ಹಸರು ಗಂಟು ತಗದ. ಆಮ್ಯಾಲೆ ಅವನ ಕೈಗೆ ನೀಲಿ ಗಂಟು ಬಂತು. ಆ ನೀಲಿ ಸೀರಿ ತುಂಡು ಅವನಷ್ಟು ಬರೋಬ್ಬರಿ ಗುರ್ತು ಇದ್ದಾಂವ ಆ ಗುಂಪಿನ್ಯಾಗ ಬ್ಯಾರೆ ಯಾರೂ ಇದ್ದಿಲ್ಲ. ದಿನಾ ಅದರ ಗಂಟು ಬಿಚ್ಚತಿದ್ದಾಂವ ಅವನ ಅಲ್ಲೇನು? ಅವನ ಕೈ ತಡೀತು. ನನ್ನ ಮಾರಿ ನೋಡಿದ.

ಸುಮ್ಮನ ಕೆಳಗ ಇಟ್ಟಿದ್ರ ಆಗತಿತ್ತು. ಇಷ್ಟ ಸಾಕಿತ್ತು, ಇಷ್ಟ.

"ಅದು ಯಾರದಲೇ?" ಅಂತ ಅವನ ಖೋಲಿ ಹುಡುಗ ಒಬ್ಬ ಕೇಳಿದ.

"ಇದು ಏಣೀದು" ಅಂದ ಅಂವ.

ಅಷ್ಟ ನೋಡ್ರಿ. "ಥೂ, ಎಲ್ಲಾದರ ಜೋಡಿ ಕೂಡೇತಿ!" ಅಂತ ಒಬ್ಬ ಅಂದ. "ಇನ್ನ ಯಾರ ಉಣಬೇಕು ಇದನ್ನ?" ಅಂತ ಮತ್ತೊಬ್ಬ. ನನ್ನ ದೋಸ್ತ ನೀಲಿ ಗಂಟನ್ನ ಸುಡೂ ಕೆಂಡ ಹಿಡದಾಂವನಂಗ ಒಗದ. ಸ್ಟ್ಯಾಂಡಿನ ಹಿಂದ ಒಂದು ಗಟಾರಾ ಇತ್ತು, ಹಂದಿ ಹೊರಳ್ಯಾಡತಿದ್ವು. ಅದರಾಗ ಬಿತ್ತು. ಆಮ್ಯಾಲೆ ತನ್ನ ಬುತ್ತಿನೂ ಒಗದ. ಅವನ್ನ ನೋಡಿ ಎಲ್ಲಾರೂ ಒಗದ್ರು. ಒಂದು ಹನಿ ಚೆಲ್ಲಿದ್ದಿಲ್ಲ, ಒಂದು ಗಂಟು ಬಿಚ್ಚಿದ್ದಿಲ್ಲ. ತಮ್ಮ ತಮ್ಮ ತಾಯಂದ್ರು ನಸುಕಿನ್ಯಾಗ ಎದ್ದು ಬಡದ ರೊಟ್ಟಿ ಅವು. ನನ್ನವ್ವನ ರೊಟ್ಟಿಗೆ ತಾಗಿ ಕುಂತಾವು ಅಂತ ಹಂದಿಗೆ ಹಾಕಿದ್ರು. ನಮ್ಮ ಅಪ್ಪ ಅವ್ವ ಬೆಳದ ಜ್ವಾಳ, ಅಕ್ಕಿ ಆದ್ರ ನಡೀತೈತಿ. ಬೆಳಿಯೂದು ನಾವು, ಒಕ್ಕೂದು ನಾವು, ಚೀಲ ತುಂಬಿ ಅವರ ಪಡಸಾಲಿ ತನಕ ಹೊತ್ತು ಒಯ್ಯೂದು ನಾವು. ಬೇಯಿಸಿದ್ರ ಮಾತ್ರ ಮೈಲಿಗಿ!

ಅವರು ಹೋಟೆಲ್ಲಿಗೆ ಹೋಗಿ ಮಿರ್ಚಿ ಭಜಿ ತಿಂದ್ರು. ನಾ ಉಪಾಸ ಸಾಲಿಗೆ ಹೋದೆ. ಗಣಿತದ ಮಾಸ್ತರು ನನ್ನ ಮಾರಿ ನೋಡಿ ಹೊರಗ ಕರದು ಏನಾತಂತ ಕೇಳಿದ್ರು. ಹೇಳಿದೆ. ಕೇಳಿ ಕನ್ನಡಕ ತಗದು, ಧೋತರದ ಚುಂಗಿಲೆ ಒರಸಿಕೊಂಡು, "ಸಣ್ಣ ಮಾತನ್ನ ದೊಡ್ಡದು ಮಾಡಿಕೋಬ್ಯಾಡಪಾ. ಪರೀಕ್ಷಾ ಹತ್ರ ಬಂತು. ನೀ ಶ್ಯಾಣ್ಯಾ ಇದ್ದೀ, ಓದು" ಅಂದ್ರು. ಊಟ ಮಾಡಿಯೇನು ಅಂತ ಕೇಳಲಿಲ್ಲ.

ಮಧ್ಯಾಹ್ನ ಬಾವಿ ಕಟ್ಟಿಗೆ ಅಂವ ತಾನ ಬಂದ.

"ನಾ ಏನ ಮಾಡ್ಲೆಲೇ? ಎಲ್ಲಾರೂ ನನ್ನ ಮಾರಿನ ನೋಡಾಕತ್ತಿದ್ರು."

"ನಿನ್ನ ಬಾಯಾಗ ನಿನ್ನೆ ತಿಂದ ನಮ್ಮವ್ವನ ಹಿಂಡಿ ವಾಸನಿ ಇನ್ನೂ ಹೋಗಿಲ್ಲ, ಹೋಗಿ ಬಾಯಿ ಮುಕ್ಕಳಿಸು" ಅಂದೆ.

ಅವನ ಮಾರಿ ಕೆಂಪಗಾತು. ಹತ್ರ ಬಂದು, ಸಣ್ಣ ದನಿಯಾಗ ಅಂದ: "ಈ ಮಾತು ಇನ್ನೊಮ್ಮೆ ನಿನ್ನ ಬಾಯಿಂದ ಹೊರಗ ಬಂತಂದ್ರ, ನಿಮ್ಮವ್ವ ನಮ್ಮ ಹೊಲದಾಗ ಕಾಲಿಡಂಗಿಲ್ಲ, ನೆನಪಿಟಗೋ." ಹೇಳಿ ಹೋದ. ಮತ್ತ ಬಾವಿ ಕಟ್ಟಿ ಕಡೆ ಬರಲೇ ಇಲ್ಲ. ನಾನೂ ಬಾಯಿ ಹೊಲಕೊಂಡೆ. ಹೊಲ ಅವರದು, ಕೂಲಿ ನಮ್ಮದು, ಇನ್ನ ಬಾಯಿ ಎಲ್ಲಿಂದ ತರಬೇಕು?

ಊರಾಗ ದೊಡ್ಡ ಪಂಚಾತಿ ಆತು. ಖಾಯಂ ಕಂಡಕ್ಟರ್ ಹೊಳ್ಳಿ ಬಂದಕೂಡ್ಲೆ ಊರ ಹಿರ್ಯಾರು ಅವಗ ತಾಕೀತು ಮಾಡಿದ್ರು. ಇನ್ನ ಮುಂದ ಕೇರಿ ಬುತ್ತಿ ಬಸ್ಸಿಗೆ ಹತ್ತಬಾರದು, ಏಣಿಗೂ ಬ್ಯಾಡ. ಅಪ್ಪ ಮೊದಲ ಮೆತ್ತಗಿನ ಮನಷ್ಯಾ. "ಸಾಕು ಬಿಡಬೇ, ಇಷ್ಟು ಕಲತದ್ದ ಹೆಚ್ಚಾತು. ಹುಡುಗನ್ನ ಕರಕೊಂಡು ಬರ್ತೇನಿ. ಗೌಡ್ರು ಕೆಲಸಕ್ಕ ಇಟಗೋತಾರ" ಅಂದ. ಅವ್ವ ರೊಟ್ಟಿ ಬಡಿಯೂದನ್ನ ನಿಂದರಿಸಿ, ಹಿಟ್ಟಿನ ಕೈಲೆ ಎದ್ದು ನಿಂತಳಂತ.

"ನನ್ನ ಬುತ್ತಿ ಒಲ್ಲದ ಬಸ್ಸು ನನಗೂ ಬ್ಯಾಡ. ದೇವರು ಕಾಲು ಕೊಟ್ಟಾನ, ನಡಕೋತ ಹೋಗಿ ಕೊಟ್ಟು ಬರ್ತೇನಿ. ಪರೀಕ್ಷಾ ಬರಿಯೂ ತನಕ ನನ್ನ ಮಗ ಈ ಊರಿಗೆ ಕಾಲಿಡಬಾರದು."

ಹಂಗ ಮಾಡಿದಳು. ಖಟಕ ರೊಟ್ಟಿ ಕೆಡೂದಿಲ್ಲಲ್ಲ, ಎರಡು ಮೂರು ದಿನಕ್ಕ ಆಗೂವಷ್ಟು ಬಡದು, ಹಿಂಡಿ ಕುಟ್ಟಿ, ಗಂಟು ಕಟ್ಟಿ ತಲಿ ಮ್ಯಾಲೆ ಇಟಗೊಂಡು ಬರತಿದ್ದಳು. ಎರಡು ಹರದಾರಿ, ಅಂದ್ರ ಆರು ಮೈಲಿ ದಾರಿ. ಒಮ್ಮೊಮ್ಮೆ ಯಾರದರ ಚಕ್ಕಡಿ ಸಿಗತಿತ್ತು, ಭಾಳ ಸರತೆ ಇಲ್ಲ. ಸಾಲಿ ಮುಂದ ರಸ್ತೆದಾಗ ಅದ ಬಸ್ಸು ಆಕಿನ ದಾಟಿ ಧೂಳು ಎಬ್ಬಿಸಿಕೋತ ಹೋಗೂದನ್ನ ವರ್ಗದ ಕಿಡಕ್ಯಾಗಿಂದ ನಾ ನೋಡೇನಿ. ಅವ್ವ ಸೆರಗು ಮಾರಿಗೆ ಹಿಡದು ನಿಂತು, ಧೂಳು ಇಳದ ಮ್ಯಾಲೆ ಮತ್ತ ನಡಿಯಾಕ ಹತ್ತತಿದ್ದಳು. ಬೋರ್ಡಿನ ಮ್ಯಾಲೆ ಏನ ಬರದಾರ ಅನ್ನೂದು ನನಗ ಅವತ್ತ ಕಾಣತಿದ್ದಿಲ್ಲ.

ಆದ್ರ ಒಂದು ಮಾತು. ಬುತ್ತಿ ಕೊಡೂ ಮುಂದ ಪ್ರತಿಸಲ ಅವ್ವ ಸಣ್ಣ ದನಿಲೆ ಅಂತಿದ್ದಳು, "ಈ ಎಲ್ಯಾಗಿಂದು ಆ ಹುಡುಗಗ. ಅವಗೂ ಕೊಡು, ಮರೀಬ್ಯಾಡ. ಆ ಹಲಕಟ್ಟ ಮಂದ್ಯಾಗ ಅದೊಂದು ಚೊಲೋ ಹುಟ್ಟೇತಿ." ಬುತ್ತಿ ಒಗದ್ರು ಅಂತ ಊರಾಗ ಆಕಿಗೆ ತಿಳದಿತ್ತು. ಯಾರು ಮೊದಲು ಒಗದ್ರು ಅಂತ ತಿಳದಿದ್ದಿಲ್ಲ. ನಾ ಹೇಳಲಿಲ್ಲ. ಹೆಂಗ ಹೇಳ್ಲಿ? ಅಷ್ಟು ದೂರ ನಡದು ಬಂದು, ಕಾಲಾಗಿನ ಮುಳ್ಳು ತಗಕೋತ, "ತಿಂದನೇನು? ಏನಂದ? ಖಾರ ಹೆಚ್ಚಾತೇನು?" ಅಂತ ಕೇಳೂ ತಾಯಿಗೆ ಹೆಂಗ ಹೇಳ್ಲಿ? "ತಿಂದ, ಭಾಳ ಚೊಲೋ ಆಗೇತಿ ಅಂದ" ಅಂತಿದ್ದೆ. ಆಕಿ ಮಾರಿ ಅರಳತಿತ್ತು. ಅವನ ಪಾಲಿಂದು ನಾನ ತಿನ್ನತಿದ್ದೆ.

ಪರೀಕ್ಷಾಕ್ಕ ಮುಂಚೆ ಬೀಳ್ಕೊಡುಗೆ ಸಮಾರಂಭ ಬಂತು. ಬೇವಿನ ಗಿಡದ ಕೆಳಗ ಜಮಖಾನಿ ಹಾಸಿ, ಹೆಡ್‌ಮಾಸ್ತರಿಗೆ ಕುರ್ಚಿ ಹಾಕಿ, ಸರಸ್ವತಿ ಫೋಟೋಕ್ಕ ಹಾರ ಹಾಕಿದ್ರು. ವಿದ್ಯಾರ್ಥಿಗಳ ಪರವಾಗಿ ಭಾಷಣಕ್ಕ ನಿಂತಾಂವ ಯಾರು ಅಂತೀರಿ? ಅವನ. ಇಸ್ತ್ರಿ ಅಂಗಿ, ತಲಿಗೆ ಎಣ್ಣಿ. ಅವರಪ್ಪ ಗೌಡ್ರೂ ಬಂದು ಮುಂದ ಕುಂತಿದ್ರು. ನಾ ಹಿಂದಿನ ಸಾಲಿನ್ಯಾಗ ಇದ್ದೆ. ಅವ್ವ ಅವತ್ತ ಬುತ್ತಿ ತಗೊಂಡು ಬಂದಿದ್ದಳು. ಒಳಗ ಬರಲಿಲ್ಲ, ಗೇಟಿನ ಬಾಜೂಕ ಗ್ವಾಡಿಗೆ ಆನಿಸಿ ನಿಂತಿದ್ದಳು.

ಅಂವ ಮಾತಾಡಿದ. ಗುರುಗಳು ದೇವರು ಅಂದ, ಸಾಲಿ ಗುಡಿ ಅಂದ. ಆಮ್ಯಾಲೆ ದನಿ ಏರಿಸಿ, ಪುಸ್ತಕದ ಕನ್ನಡದಾಗ ಅಂದ: "ನಾವು ಇಲ್ಲಿ ಜಾತಿ ಮತ ನೋಡಲಿಲ್ಲ. ಒಂದೇ ತಾಯಿಯ ಮಕ್ಕಳಂತೆ ಒಂದೇ ಬುತ್ತಿಯನ್ನು ಹಂಚಿಕೊಂಡು ಉಂಡೆವು."

ಚಪ್ಪಾಳಿ ಅಂದ್ರ ಚಪ್ಪಾಳಿ. ಹೆಡ್‌ಮಾಸ್ತರು ತಲಿದೂಗಿದ್ರು. ಗಣಿತದ ಮಾಸ್ತರೂ ಚಪ್ಪಾಳಿ ತಟ್ಟಿದ್ರು. ಅಂದು ಗಟಾರಕ್ಕ ಬುತ್ತಿ ಒಗದ ಹುಡುಗೂರು ಎಲ್ಲಾರಕಿಂತ ಜೋರಾಗಿ ತಟ್ಟಿದ್ರು. ಯಪ್ಪಾ, ಏನ ನಾಚಿಕಿ ಇಲ್ಲದ ಮಂದಿ! ನಾ ಹೊಳ್ಳಿ ಗೇಟಿನ ಕಡೆ ನೋಡಿದೆ. ಅವ್ವ ಗ್ವಾಡಿ ಬಿಟ್ಟು ಮುಂದ ಬಂದಿದ್ದಳು. ಆಕಿ ಕಣ್ಣಾಗ ನೀರು, ಮಾರಿ ತುಂಬ ನಗಿ. ಆ ಮಾತು ತನ್ನ ಬುತ್ತಿ ಬಗ್ಗೆನ ಅಂದ, ಎಲ್ಲಾರ ಮುಂದ, ತಮ್ಮಪ್ಪನ ಮುಂದನ ಅಂದ ಅಂತ ಆಕಿ ತಿಳಕೊಂಡಿದ್ದಳು. ಬ್ಯಾರೆ ಏನ ತಿಳಕೋಬೇಕು ಆಕಿ? ಅಷ್ಟು ದಿನಾ ನಾ ಹೇಳಿದ ಸುಳ್ಳಿಗೂ ಅಂವ ಹೇಳಿದ ಸುಳ್ಳಿಗೂ ಬರೋಬ್ಬರಿ ತಾಳ ಕೂಡಿತ್ತು.

ಸಭಾ ಮುಗೀತು. ಎಲ್ಲಾರಿಗೂ ಪೇಪರಿನ್ಯಾಗ ಚುರಮರಿ, ಬುಂದೆ ಹಂಚಿದ್ರು. ಅಂವ ಗೆಳ್ಯಾರ ಜೋಡಿ, ಅವರಪ್ಪನ ಜೋಡಿ ಗೇಟಿನ ಕಡೆ ಬಂದ. ನಾ ಓಡಿದೆ, ಅವ್ವನ್ನ ಹಿಡೀಬೇಕಂತ. ತಲಪಲಿಲ್ಲ. ಅವ್ವ ಗಂಟು ಬಿಚ್ಚಿ, ಎಲ್ಯಾಗ ಸುತ್ತಿದ ಎರಡು ಶೇಂಗಾ ಹೋಳಿಗಿ ಎರಡೂ ಕೈಯಾಗ ಹಿಡದು ನಿಂತಿದ್ದಳು. ಕಡೇ ದಿನಾ ಅಂತ ಅವಗಾಗಿ ಮಾಡಿದ್ದು.

"ಸಣ್ಣ ಗೌಡ್ರ, ತಗೋರಿ. ನಿಮಗಂತನ ಮಾಡೇನಿ."

ಎಲ್ಲಾರೂ ನಿಂತು ಬಿಟ್ರು. ಗೌಡ್ರು ಮಗನ ಮಾರಿ ನೋಡಿದ್ರು, ಅವ್ವನ ಕೈಯಾಗಿನ ಎಲಿ ನೋಡಿದ್ರು. ಅವನ ಖೋಲಿ ಹುಡುಗೂರು ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಅಂವ ಸಿಟ್ಟು ಮಾಡಲಿಲ್ಲ, ಬೈಯಲಿಲ್ಲ. ಬೈದಿದ್ರ ಅವ್ವಗ ರೂಢಿ ಇತ್ತು, ತಡಕೊಳ್ಳತಿದ್ದಳು. ಅಂವ ನಕ್ಕ. ಏನೂ ಅರೀದಾಂವನಂಗ, ಭಾಳ ಮೆತ್ತಗ ಅಂದ:

"ನನಗ ಶೇಂಗಾ ಒಗ್ಗಂಗಿಲ್ಲಬೇ. ಹುಟ್ಟಿದಾಗಿಂದ ಬಾಯಾಗ ಇಟ್ಟಿಲ್ಲ."

ಗೌಡ್ರು "ನಡೀಲೇ ಹೊತ್ತಾತು" ಅಂದ್ರು. ಹೋದ್ರು. ಎಲ್ಲಾರೂ ಅವ್ವನ ಬಾಜೂಕ ಹಾದು ಹೋದ್ರು, ಸೆರಗು ತಾಗದಂಗ ಸರದು.

ಅವ್ವ ಎಲಿ ಮಡಚಿ ಗಂಟಿನ್ಯಾಗ ಇಟ್ಟಳು. ನಾನೂ ಆಕಿ ಜೋಡಿ ಊರ ದಾರಿ ತನಕ ನಡದೆ. ಪ್ಯಾಟಿ ದಾಟಿದ ಮ್ಯಾಲೆ ಒಂದು ಸಣ್ಣ ಸೇತುವಿ ಬರತೈತಿ, ಅಲ್ಲೆ ನಿಂತು ಕೇಳಿದಳು.

"ಇಷ್ಟು ದಿನಾ ನಾ ಹೊತ್ತು ತಂದದ್ದು ಯಾರು ತಿಂದ್ರು?"

"ನಾನ, ಅವ್ವ."

"ಎಂದಿನಿಂದ?"

"ಬುತ್ತಿ ಒಗದ ದಿನದಿಂದ. ಮೊದಲು ಒಗದಾಂವ ಅವನ."

ಅವ್ವ ಸೇತುವಿ ಕಟ್ಟಿ ಮ್ಯಾಲೆ ಕುಂತಳು. ಅಳತಾಳ ಅಂತ ತಿಳಕೊಂಡೆ. ಅಳಲಿಲ್ಲ. ಗಂಟು ಬಿಚ್ಚಿ, ಆ ಎರಡು ಹೋಳಿಗಿ ತಗದು, ರಸ್ತೆದಾಗ ಹೋಗೂ ಮಂದಿ ನೋಡತಾರ ಅನ್ನೂದನ್ನೂ ಲೆಕ್ಕಿಸದ, ಒಂದಾದ ಮ್ಯಾಲೆ ಒಂದು ತಾನ ತಿಂದಳು. ನನ್ನ ಬುತ್ತಿ ಕಟ್ಟಾಕ ಹತ್ತಿದಾಗಿಂದ ಆ ಗಂಟಿನೊಳಗಿಂದು ಒಂದು ತುಣುಕು ಆಕಿ ತಿಂದದ್ದು ನಾ ನೋಡಿದ್ದಿಲ್ಲ. ಚೂರು ಚೂರು ಮಾಡಿ, ಅಗದು ಅಗದು ತಿಂದಳು. ನನಗ ಒಂದು ಚೂರೂ ಕೊಡಲಿಲ್ಲ. ತಿಂದು ಮುಗಿಸಿ, ಎಲಿ ನೆಕ್ಕಿ, ಅದನ್ನ ಕೆಳಗ ನೀರಿಗೆ ಒಗದಳು.

"ಚೊಲೋ ಆಗೇತಿ" ಅಂದಳು.

ಆಮ್ಯಾಲೆ ಎದ್ದು ಸೀರಿ ಝಾಡಿಸಿ, ನನ್ನ ಪಾಲಿನ ರೊಟ್ಟಿ ಗಂಟು ನನ್ನ ಕೈಯಾಗ ಕೊಟ್ಟು, "ನೀ ಹೋಗಿ ಓದು. ನಾ ಹೊಂಡತೇನಿ, ನಾಳೆ ಹೊತ್ತು ಮೂಡೂದರಾಗ ಅವರ ಗದ್ದ್ಯಾಗ ಇರಬೇಕು" ಅಂತ ಹೇಳಿ ನಡದಳು.